ಹಿಟ್ಟಿನ ಚೀಲದಲ್ಲಿದ್ದ ಸೇಬಿನ ಮರ

ಏಪ್ರಿಲ್ ಮೊದಲ ವಾರ ತೆಲೆಮ್ ತೋಟಕ್ಕೆ ಹೊಸ ಹುಡುಗ ಹುಡುಗಿಯರು ಬಂದಿಳಿಯುವ ದಿನ ಬ್ಲೂಮಾ ರಾಶ್ಕಿನ್ ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಹದಿನಾಲ್ಕು ವರ್ಷಗಳಿಂದ ಇದೇ ರೂಢಿ. ಯಾರ ಬೂಟು ಹೊಸದು, ಯಾರದು ಅಣ್ಣನ ಹಳೆಯದು, ಯಾರು ಕೆಸರು ಕಂಡು ಹಿಂದೆ ಸರಿದರು, ಯಾರು ಕೆಸರೇ ದೇವರೆನ್ನುವ ಹಾಗೆ ಬಗ್ಗಿ ಮುಟ್ಟಿದರು, ಎಲ್ಲ ನೋಡುವಳು. ಯಾರು ಎಷ್ಟು ವಾರ ತಾಳುತ್ತಾರೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ, ಆಮೇಲೆ ಒಂದು ಬುಟ್ಟಿ ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಹೊರಡುವಳು. ಅವಳ ತೀರ್ಮಾನ ಅರ್ಧಕ್ಕರ್ಧ ತಪ್ಪುತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆ ವರ್ಷ ಬಂದವರು ಎಂಟು ಜನ. ಎಲ್ಲರೂ ಇಪ್ಪತ್ತೆರಡು ಇಪ್ಪತ್ತಮೂರರ ಆಸುಪಾಸಿನವರು, ಯಹೂದಿ ಮನೆಗಳ ಮಕ್ಕಳು, ಓದಿದವರು. ಅಕ್ಟೋಬರ್‌ವರೆಗೆ ಇಲ್ಲೇ ಉಳಿದು, ಒಟ್ಟಿಗೆ ಬೇಯಿಸಿ ಉಂಡು, ಶುಕ್ರವಾರ ಸಂಜೆ ದೀಪ ಹಚ್ಚಿ ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್ ಹಿಡಿದು, ಉಳಿದ ದಿನ ಮಣ್ಣಿಗೆ ಜೀವ ಬರಿಸುವ ಬೇಸಾಯ ಕಲಿಯಬೇಕು. ಇಲ್ಲಿ ನೆಲ ಉಳುವುದಿಲ್ಲ. ಗೊಬ್ಬರ ಹಾಸಿ, ಮೇಲೆ ಹುಲ್ಲು ಹೊದಿಸಿ, ಕೋಳಿಗಳನ್ನು ದಿನಕ್ಕೊಂದು ಜಾಗಕ್ಕೆ ಸರಿಸಿ, ಮಣ್ಣು ತಾನಾಗಿ ಚೇತರಿಸಿಕೊಳ್ಳಲಿ ಎಂದು ಕಾಯುತ್ತಾರೆ. ಕೋಳಿ ಹಿಕ್ಕೆಯ ಮಹಿಮೆಯನ್ನು ತೋಟದ ಮೇಲ್ವಿಚಾರಕ ಹನಾನ್ ಮೊದಲ ದಿನವೇ ಅರ್ಧ ಗಂಟೆ ಹೇಳುತ್ತಾನೆ. ಬ್ಲೂಮಾ ಅಷ್ಟು ಹೊತ್ತೂ ಬೇಲಿಗೆ ಒರಗಿ ನಗುತ್ತಿರುತ್ತಾಳೆ.

"ನಮ್ಮಪ್ಪ ನಾಲ್ಕು ಸಾವಿರ ಕೋಳಿ ಸಾಕಿದ್ದ ಕಣ್ರೋ, ಇದೇ ಜಾಗದಲ್ಲಿ," ಎಂದಳು ಆ ಸಲವೂ. "ಹಿಕ್ಕೆ ಬಳಿದೂ ಬಳಿದೂ ನನ್ನ ಸೊಂಟ ಬಿದ್ದೋಯ್ತು. ಶಾಲೇಲಿ ಒಂದು ಪ್ರಾಣಿ ನನ್ನ ಪಕ್ಕ ಕೂರ್ತಿರಲಿಲ್ಲ. ಅದೇ ಹಿಕ್ಕೆ ಈಗ ನಿಮಗೆ ವೇದಾಂತ ಆಗಿದೆ!"

ಶಿಕಾಗೋದಿಂದ ಬಂದಿದ್ದ ನಫ್ತಾಲಿ ಎಂಬ ಉದ್ದನೆಯ ಹುಡುಗ ಮೊಟ್ಟೆ ಸುಲಿಯುತ್ತಾ, "ನಾವಿದ್ದಿದ್ರೆ ನಿಮ್ಮ ಪಕ್ಕಾನೇ ಕೂರ್ತಿದ್ವಿ ಬುಬೆ," ಎಂದ.

"ಕೂರ್ತಿದ್ದೆ, ಕೂರ್ತಿದ್ದೆ. ಮೂಗು ಮುಚ್ಕೊಂಡು."

ಬುಬೆ ಎಂದರೆ ಅವರ ಯಿದ್ದಿಷ್ ಮಾತಿನಲ್ಲಿ ಅಜ್ಜಿ. ಸ್ವಂತ ಮಕ್ಕಳಿಲ್ಲದ ಬ್ಲೂಮಾ ಈ ಹದಿನಾಲ್ಕು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜನಕ್ಕೆ ಬುಬೆಯಾಗಿದ್ದಳು.

ಅವಳಪ್ಪ ಶಾಯಾ ರಾಶ್ಕಿನ್ ನ್ಯೂಯಾರ್ಕಿನಲ್ಲಿ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದ. ಎದೆ ಕೆಟ್ಟು ಕೆಮ್ಮು ಹತ್ತಿದಾಗ ವೈದ್ಯರು ಹಳ್ಳಿಯ ಗಾಳಿಗೆ ಹೋಗು ಅಂದರು. ಹಳ್ಳಿ ಎಂದರೆ ಕನೆಕ್ಟಿಕಟ್‌ನ ಈ ಕಲ್ಲುಗುಡ್ಡ. ಹಿಂದಿನ ಒಕ್ಕಲುಗಳು ಕಲ್ಲು ಆಯ್ದೂ ಆಯ್ದೂ ಸೋತು ಬಿಟ್ಟುಹೋದ ನೆಲ. ಬೆಳೆ ಬಾರದ ನೆಲದಲ್ಲಿ ಕೋಳಿಯಾದರೂ ಬದುಕುತ್ತದಲ್ಲ ಎಂದು ಅವನಂಥ ಮೂವತ್ತು ನಲವತ್ತು ಯಹೂದಿ ಸಂಸಾರಗಳು ಇಲ್ಲಿ ಬೇರು ಬಿಟ್ಟವು. ಬ್ಲೂಮಾ ಹುಟ್ಟಿದ್ದು ಇಲ್ಲೇ. ನೆಲಮಾಳಿಗೆಯಲ್ಲಿ ಅಮ್ಮನ ಪಕ್ಕ ಕೂತು ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗೆ ರಕ್ತದ ಚುಕ್ಕೆ ಇದೆಯೋ ಎಂದು ನೋಡುತ್ತಾ ಬೆಳೆದಳು. ಗುರುವಾರ ಪೂರ್ತಿ ಪುಕ್ಕದ ವಾಸನೆ, ಶುಕ್ರವಾರ ಮಧ್ಯಾಹ್ನಕ್ಕೆ ಸಾರಿನ ವಾಸನೆ. ಅಪ್ಪ ಹಳದಿ ಸೋಪು ತಿಕ್ಕಿ ತಿಕ್ಕಿ ಮೊಣಕೈವರೆಗೆ ತೊಳೆದು, ಬಿಳಿ ಅಂಗಿ ಹಾಕಿಕೊಂಡು, ರಸ್ತೆಯ ತಿರುವಿನಲ್ಲಿದ್ದ ಪುಟ್ಟ ಪ್ರಾರ್ಥನಾಮಂದಿರಕ್ಕೆ ಹೊರಡುವಾಗ ಊರಿನ ಗಂಡಸರೆಲ್ಲ ಅದೇ ಸೋಪಿನ ವಾಸನೆ ಹೊಡೆಯುತ್ತಿದ್ದರು. ಆ ವಾಸನೆ ಈಗಲೂ ಮೂಗಿನಲ್ಲಿದೆ ಎಂದು ಬ್ಲೂಮಾ ಆಣೆ ಮಾಡಿ ಹೇಳುತ್ತಾಳೆ. ಆಮೇಲೆ ದೊಡ್ಡ ದೊಡ್ಡ ಕಂಪನಿಗಳು ಮೊಟ್ಟೆ ವ್ಯಾಪಾರಕ್ಕೆ ಇಳಿದವು. ಒಂದೊಂದೇ ಕೋಳಿಮನೆ ಬಾಗಿಲು ಹಾಕಿತು. ಓಡಿಹೋಗಲು ಬಸ್ಸು ಹುಡುಕುತ್ತಿದ್ದ ಬ್ಲೂಮಾ ಎಲ್ಲರೂ ಹೋದ ಮೇಲೂ ಇಲ್ಲೇ ಉಳಿದಳು. ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿದಳು, ಅಪ್ಪ ಅಮ್ಮನನ್ನು ಮಣ್ಣು ಮಾಡಿದಳು, ಗಂಡನನ್ನೂ ಮಣ್ಣು ಮಾಡಿದಳು. ಜಮೀನು ಕೈಬದಲಾಗಿ ಕೊನೆಗೆ ತೆಲೆಮ್‌ನವರ ಪಾಲಾಯಿತು. ಮನೆಯೊಂದು ಅವಳ ಹೆಸರಿನಲ್ಲಿ ಉಳಿಯಿತು.

ಅಪ್ಪ ಬಿಟ್ಟುಹೋದದ್ದರಲ್ಲಿ ಜೀವ ಇದ್ದದ್ದು ಒಂದೇ, ಹಳೆಯ ಕೋಳಿಮನೆಯ ಮೂಲೆಯ ಸೇಬಿನ ಮರ. ಬ್ಲೂಮಾಗೆ ಆರು ವರ್ಷವಾಗಿದ್ದಾಗ ಶಾಯಾ ಅದನ್ನು ಕಸಿ ಕಟ್ಟಿದ. ಬೀಜದಿಂದ ಎದ್ದ ಒಂದು ಕಾಡು ಸಸಿಯನ್ನು ಗುಂಡಿಯಲ್ಲಿಟ್ಟು, ಪಾಳುಬಿದ್ದ ಯಾರದೋ ತೋಟದಿಂದ ತಂದ ಕಡ್ಡಿಯನ್ನು ಅದಕ್ಕೆ ಕೂರಿಸಿದ. ದಾರ ಹಿಡಿದುಕೊಂಡು ನಿಂತಿದ್ದವಳು ಬ್ಲೂಮಾ. ಆ ಸೇಬಿಗೆ ಹೆಸರಿರಲಿಲ್ಲ. ಕಡ್ಡಿ ತಂದ ತೋಟದ ಮೇಲೆ ಹೆದ್ದಾರಿ ಹಾದುಹೋಯಿತು. ಹೀಗಾಗಿ ಅಂಥ ಸೇಬು ಇಡೀ ಲೋಕದಲ್ಲಿ ಅದೊಂದೇ ಮರದಲ್ಲಿ ಬಿಡುತ್ತಿತ್ತು ಎಂಬುದು ಬ್ಲೂಮಾಳ ನಂಬಿಕೆ. ಹಣ್ಣು ಬಲು ಹುಳಿ, ಕಲ್ಲಿನಂತೆ ಗಟ್ಟಿ. ಡಿಸೆಂಬರ್‌ವರೆಗೆ ನೆಲಮಾಳಿಗೆಯಲ್ಲಿಟ್ಟರೆ ಒಂದಿಷ್ಟು ಮೆತ್ತಗಾಗುತ್ತಿತ್ತು. "ಇದು ಸೇಬಲ್ಲ ಕಣೇ, ನಿಮ್ಮಪ್ಪನ ಹಠ," ಎನ್ನುತ್ತಿದ್ದಳು ಅಮ್ಮ. ಅಪ್ಪ ಮಾತ್ರ ಚಾಕುವಿನ ತುದಿಗೆ ಹೋಳು ಚುಚ್ಚಿಕೊಂಡು, ಕಣ್ಣು ಮುಚ್ಚಿ ತಿನ್ನುತ್ತಿದ್ದ.

ಆ ವರ್ಷದ ಫೆಬ್ರವರಿಯಲ್ಲಿ ಮಳೆ ಬಿದ್ದದ್ದು ಬಿದ್ದಹಾಗೇ ಹೆಪ್ಪುಗಟ್ಟಿ, ಆ ಭಾರಕ್ಕೆ ಮರ ಸೀಳಿ ಮಲಗಿತು. ಎಪ್ಪತ್ತೆರಡು ವರ್ಷದ ಮರ. ಬ್ಲೂಮಾ ಮೂಗೊರೆಸಿಕೊಳ್ಳುತ್ತಲೇ ಕತ್ತರಿ ತಂದು, ತುದಿಕೊಂಬೆಗಳಿಂದ ಪೆನ್ಸಿಲ್ ಗಾತ್ರದ ಇಪ್ಪತ್ತನಾಲ್ಕು ಕಸಿಕಡ್ಡಿ ಕತ್ತರಿಸಿದಳು. ಒದ್ದೆ ಕಾಗದ ಸುತ್ತಿ, ಚೀಲದಲ್ಲಿಟ್ಟು, ತೋಟದವರ ಊಟದ ಮನೆಯ ಕೆಳಗಿನ ನೆಲಮಾಳಿಗೆಯ ತಂಪಿನಲ್ಲಿ ಮಲಗಿಸಿದಳು. ವಸಂತ ಬಂದು ಕಸಿ ಕಟ್ಟುವವರೆಗೆ ಅವು ನಿದ್ದೆಯಲ್ಲಿರಬೇಕು. ಇತ್ತ ಹನಾನ್ ಸಣ್ಣಪುಟ್ಟ ಕೊಂಬೆಯನ್ನೆಲ್ಲ ಪುಡಿ ಮಾಡಿ ಪಾತಿಗಳಿಗೆ ಹೊದಿಸಿದ, ಕಾಂಡವನ್ನು ಸೌದೆ ಮಾಡಿದ, ಹುಲ್ಲು ಕೊಯ್ಯುವ ಯಂತ್ರಕ್ಕೆ ತಗಲದಿರಲಿ ಎಂದು ಬುಡವನ್ನು ನೆಲಮಟ್ಟಕ್ಕೆ ಕೊಯ್ದುಬಿಟ್ಟ. ಶಾಯಾನ ಸೇಬು ಇನ್ನು ಉಳಿದಿದ್ದರೆ ಆ ಇಪ್ಪತ್ತನಾಲ್ಕು ಕಡ್ಡಿಗಳಲ್ಲಿ ಮಾತ್ರ. ಅವನ್ನು ಕಟ್ಟಲೆಂದು ಇಪ್ಪತ್ತನಾಲ್ಕು ಎಳೆಯ ಸಸಿಗಳನ್ನೂ ಅವಳು ತರಿಸಿಟ್ಟಳು. ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಯೂ ಆಯಿತು. "ಪೇಸಾಖ್ ಹಬ್ಬ ಮುಗಿದ ಮಾರನೇ ದಿನ ನಿಮಗೆಲ್ಲ ಕಸಿ ಕಟ್ಟೋದು ಕಲಿಸ್ತೀನಿ. ನಮ್ಮಪ್ಪನ ಮರ. ಬೆರಳು ಕುಯ್ಕೊಂಡ್ರೂ ಪರವಾಗಿಲ್ಲ, ಕಡ್ಡಿ ಹಾಳು ಮಾಡ್ಬೇಡಿ."

ಹಬ್ಬಕ್ಕೆ ಎರಡು ವಾರವಿತ್ತು. ಪೇಸಾಖ್‌ನ ಎಂಟು ದಿನ ಹುಳಿ ಬರುವ ಧಾನ್ಯದ್ದೊಂದು ತುಣುಕೂ ಯಹೂದಿಯ ಮನೆಯಲ್ಲಿರಕೂಡದು. ಬ್ರೆಡ್ಡಿನ ಚೂರು, ಹಿಟ್ಟಿನ ಧೂಳು, ಕೋಟಿನ ಜೇಬಿನಲ್ಲಿ ಮರೆತ ಬಿಸ್ಕತ್ತು, ಯಾವುದೂ. ಸಿಕ್ಕಿದ್ದನ್ನು ಹಬ್ಬದ ಹಿಂದಿನ ಬೆಳಗ್ಗೆ ಸುಡಬೇಕು. ತೋಟದಲ್ಲಿ ಕೆಲಸ ಹಂಚಿದಾಗ ನೆಲಮಾಳಿಗೆ ತಿರ್ಜಾ ಎಲ್ಕಯಾಮ್‌ಳ ಪಾಲಿಗೆ ಬಂತು.

ತಿರ್ಜಾ ಲಾಸ್ ಏಂಜಲೀಸಿನವಳು. ಗಿಡ್ಡ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಅವಳ ಬೂಟು ತೀರ ಹೊಸದಾಗಿದ್ದರಿಂದ ಎರಡೇ ವಾರ ಎಂದು ಬ್ಲೂಮಾ ಅವಳ ಹಣೆಬರಹ ಬರೆದಾಗಿತ್ತು. ಮೊರಾಕೋದಿಂದ ಬಂದ ಅವಳ ಅಜ್ಜಿ ಹಬ್ಬಕ್ಕೆ ಮೊದಲು ಪುಸ್ತಕಗಳ ಹಾಳೆಯನ್ನೂ ಒಂದೊಂದಾಗಿ ಝಾಡಿಸುತ್ತಿದ್ದಳಂತೆ. ಮೊಮ್ಮಗಳೂ ಹಾಗೇ. ಮೂರು ದಿನ ಆ ನೆಲಮಾಳಿಗೆಯಲ್ಲಿ ಮೊಣಕಾಲೂರಿ, ಗೋಡೆಯ ಕಲ್ಲುಸಂದಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದಳು. ಬ್ಲೂಮಾ ಮೆಟ್ಟಿಲ ಮೇಲೆ ನಿಂತು ನೋಡಿ, "ನಮ್ಮಮ್ಮ ಇದ್ದಿದ್ರೆ ನಿನ್ನನ್ನ ಸೊಸೆ ಮಾಡ್ಕೊಳ್ಳೋಳು ಕಣೇ. ಗಂಡುಮಗ ಇಲ್ದಿದ್ರೂನೂ," ಎಂದು ಹೊಗಳಿಯೂ ಬಂದಳು.

ಸುಡುವ ಬೆಳಗ್ಗೆ ಅಂಗಳದ ಮಧ್ಯೆ ಡ್ರಮ್ಮಿನಲ್ಲಿ ಬೆಂಕಿ ಹಾಕಿದರು. ಒಣ ಬ್ರೆಡ್ಡು, ಅರ್ಧ ಉಳಿದ ಓಟ್ಸ್, ಪೊರಕೆಗಳು, ಕೆಳಗಿನಿಂದ ತಿರ್ಜಾ ತಂದ ಚೀಲ, ಎಲ್ಲ ಬೆಂಕಿಗೆ ಬಿದ್ದವು. ಬೆಂಕಿ ಮೊದಲು ಹಸಿಹೊಗೆ ಉಗುಳಿ, ಆಮೇಲೆ ಚಟಪಟ ಎಂದಿತು. ಸಿಹಿಯಾದ ಘಮಲೊಂದು ಅಂಗಳದಲ್ಲೆಲ್ಲ ಹರಡಿತು.

"ಯಾರೋ ಇದು, ನಮ್ಮ ಸೇಬಿನ ಸೌದೆ ಹಾಕಿದ್ದು? ಆಹಾ! ಮೀನಿಗೆ ಹೊಗೆ ಹಾಕೋಕೆ ಇದ್ರಂಥ ಸೌದೆ ಇಲ್ಲ," ಎಂದು ಬ್ಲೂಮಾ ಎದೆ ತುಂಬ ಉಸಿರೆಳೆದುಕೊಂಡಳು. ಎಲ್ಲರಿಗಿಂತ ಹಿರಿಯಳೆಂದು ಆ ದಿನದ ಮಾತನ್ನು ಹೇಳುವ ಮರ್ಯಾದೆ ಅವಳಿಗೇ. ನನ್ನ ವಶದಲ್ಲಿರುವ ಹುಳಿಯೆಲ್ಲ, ನಾನು ಕಂಡದ್ದೂ ಕಾಣದ್ದೂ, ಯಾರದೂ ಅಲ್ಲದ ನೆಲದ ಧೂಳಿನಂತಾಗಲಿ, ಎಂದು ಗಟ್ಟಿ ದನಿಯಲ್ಲಿ ಹೇಳಿದಳು. ಹುಡುಗರು ಆಮೆನ್ ಎಂದರು.

ಹಬ್ಬ ಚೆನ್ನಾಗಿಯೇ ಆಯಿತು. ಎಂಟು ದಿನ ಹುಳಿ ಬರಿಸದ, ಹಲಗೆಯಂಥ ಮಾತ್ಸಾ ರೊಟ್ಟಿ ತಿಂದು ಎಲ್ಲರ ಹೊಟ್ಟೆಯೂ ಕಟ್ಟಿತು. ಹಬ್ಬ ಮುಗಿದ ಮಾರನೇ ಬೆಳಗ್ಗೆ ಬ್ಲೂಮಾ ಅಪ್ಪನ ಕಸಿಚಾಕು ಮಸೆದು, ದಾರದ ಉಂಡೆ ಜೇಬಿಗಿಟ್ಟು, ನೆಲಮಾಳಿಗೆಗೆ ಇಳಿದಳು. ಕೆಳಗಿನ ಹಲಗೆ ಬರಿದಾಗಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅವಳ ಕೂಗಿಗೆ ಎಲ್ಲರೂ ಓಡಿ ಬಂದರು.

"ಇಲ್ಲಿದ್ದ ಚೀಲ ಎಲ್ಲಿ?"

ತಿರ್ಜಾಳ ಮುಖ ಬಿಳಿಚಿತು. "ಆ ಹಿಟ್ಟಿನ ಚೀಲಾನಾ ಬುಬೆ? ಸುಟ್ವಲ್ಲ ಅವತ್ತು..."

"ಬಿಚ್ಚಿ ನೋಡ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಹಲಗೆ ಆಗಷ್ಟೇ ತೊಳೆದಿದ್ದೆ. ಬಿಚ್ಚಿದ್ರೆ ಹಿಟ್ಟು ಹಾರಿ ಮತ್ತೆ ಎಲ್ಲಾ ಮೈಲಿಗೆ ಆಗುತ್ತೆ ಅಂತ... ಮುಟ್ಟಿದ್ರೆ ಗಟ್ಟಿ ಗಟ್ಟಿ ಕೋಲು. ಹಳೇ ಬ್ರೆಡ್ ಕೋಲು ಅಂದ್ಕೊಂಡೆ."

ಬ್ಲೂಮಾ ಮೆಟ್ಟಿಲ ಮೇಲೆ ಕೂತಳು. ಆ ಘಮಲು ನೆನಪಾಯಿತು. ಆಹಾ ಎಂದು ಎದೆ ತುಂಬ ಎಳೆದುಕೊಂಡಿದ್ದಳಲ್ಲ! ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. "ನಮ್ಮಪ್ಪ ಒಂದು ಸಲ ಸತ್ತಿದ್ದ. ನೀನು ಇನ್ನೊಂದು ಸಲ ಸುಟ್ಟೆ. ಮನೆ ಸಾರಿಸು ಅಂದ್ರೆ ಮನೇನೇ ಹಾಳು ಮಾಡೋರು ನೀವು."

ತಿರ್ಜಾ ಹೊರಗೆ ಹೋದಳು. ನಫ್ತಾಲಿ ತಲೆ ಕೆರೆದುಕೊಂಡು, "ಅಲ್ಲ ಬುಬೆ, ನೀವು ಬಿಟ್ಟುಕೊಟ್ಟಿದ್ದು ಹುಳೀನ ಮಾತ್ರ. ಕಡ್ಡಿ ಹುಳಿ ಅಲ್ವಲ್ಲ, ಹಾಗಾಗಿ ಶಾಸ್ತ್ರದ ಪ್ರಕಾರ ಅದು ಇನ್ನೂ ನಿಮ್ದೇ..." ಎಂದು ಶುರುಮಾಡಿದವನು ಅವಳ ಕಣ್ಣು ನೋಡಿ ಅಲ್ಲೇ ನುಂಗಿಕೊಂಡ.

ಎಲ್ಲರೂ ಚದುರಿದ ಮೇಲೆ ಹನಾನ್ ಪಕ್ಕದಲ್ಲಿ ಕೂತ. ನಲವತ್ತರ ನಿಧಾನಸ್ಥ. ಬುಡ ಕೊಯ್ದವನೂ ಕೊಂಬೆ ಪುಡಿ ಮಾಡಿದವನೂ ತಾನೇ ಆದ್ದರಿಂದ ಅವನಿಗೂ ಮುಖ ಎತ್ತಲಾಗುತ್ತಿರಲಿಲ್ಲ. "ಒಂದು ಕೇಳ್ತೀನಿ, ಬೈಬೇಡಿ. ಕಡ್ಡೀನ ಹಿಟ್ಟಿನ ಚೀಲದಲ್ಲಿ ಹಾಕಿದ್ದು ಯಾರು?"

"ಅದರ ಉದ್ದ ಸರಿಯಾಗಿತ್ತಲ್ಲೋ," ಎಂದಳು ಬ್ಲೂಮಾ. ಅಂದ ಮೇಲೆ ಅವಳಿಗೇ ಹೊಳೆಯಿತು.

ರೈ ಹಿಟ್ಟಿನ ಚೀಲ. ಅವಳ ಮನೆಯದೇ. ಹಬ್ಬ ಎರಡು ತಿಂಗಳಿದೆ ಎಂದು ಇಟ್ಟಳು, ಮರೆತಳು. ಎಪ್ಪತ್ತೆಂಟು ವರ್ಷದ ಹೆಂಗಸು, ಅಮ್ಮನ ಕೈಯಲ್ಲಿ ಪಳಗಿದವಳು, ವರ್ಷಾ ವರ್ಷಾ ಮಕ್ಕಳಿಗೆ ಮೂಲೆ ಗುಡಿಸಿ ಎಂದು ಉಪದೇಶ ಮಾಡುವವಳು, ಪೇಸಾಖ್ ಹೊತ್ತಿಗೆ ನೆಲಮಾಳಿಗೆಯಲ್ಲಿ ಹಿಟ್ಟಿನ ಚೀಲ ಬಿಟ್ಟಿದ್ದಳು! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹುಡುಗಿ ಮಾಡಿದ್ದು ಸರಿಯೇ. ಕಲಿಸಿದ ಪಾಠವನ್ನು ಕಲಿಸಿದವರಿಗಿಂತ ಚೆನ್ನಾಗಿ ಮಾಡಿದ್ದಳು.

ಹುಡುಗಿಯರ ಕೋಣೆಯಲ್ಲಿ ತಿರ್ಜಾ ಬಟ್ಟೆ ಮಡಿಸಿ ಬೆನ್ನಚೀಲಕ್ಕೆ ತುಂಬುತ್ತಿದ್ದಳು. ಬ್ಲೂಮಾ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ಅವಳಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ.

"ಎಲ್ಲಿಗೆ?"

"ಮನೆಗೆ ಬುಬೆ. ನಿಮ್ಮ ಮುಖ ಹೇಗೆ ನೋಡ್ಲಿ ದಿನಾ?"

"ನನ್ನ ಮುಖ ಅಷ್ಟೇನೂ ನೋಡೋ ಹಂಗಿಲ್ಲ ಬಿಡು. ಇಲ್ಲಿ ಕೇಳು. ಆ ಚೀಲ ಇಟ್ಟಿದ್ದು ನಾನು. ನಮ್ಮಮ್ಮ ಬದುಕಿದ್ರೆ ನಿನ್ನನ್ನ ಹೊಗಳಿ ನನಗೆ ಪೊರಕೇಲಿ ಬಾರಿಸೋಳು. ಬೆಳಗ್ಗೆ ಅಂದಿದ್ದು ತಪ್ಪು. ಅನ್ನಬಾರದಿತ್ತು."

ತಿರ್ಜಾ ಅಳಲು ಶುರುಮಾಡಿದಳು. ಅಳುತ್ತಲೇ ಕೇಳಿದಳು: "ಅದರ ರುಚಿ ಹೇಗಿತ್ತು? ಏನನ್ನ ಸುಟ್ಟೆ ಅಂತಾನೂ ಗೊತ್ತಿಲ್ಲ ನಂಗೆ."

ಬ್ಲೂಮಾ ಹೇಳಲು ಬಾಯಿ ತೆರೆದಳು. ಅಪ್ಪನ ಹೆಬ್ಬೆರಳು ಕಂಡಿತು, ಚಾಕುವಿನ ತುದಿಯ ಹೋಳು ಕಂಡಿತು, ಮುಚ್ಚಿದ ಕಣ್ಣು ಕಂಡಿತು. ರುಚಿ ಬರಲಿಲ್ಲ. ಮಂಚದ ಅಂಚಿಗೆ ಕೂತು, ಹುಡುಗಿಯ ಕೈ ಹಿಡಿದುಕೊಂಡು ಸತ್ಯ ಹೇಳಿದಳು. "ಕೆಟ್ಟದಾಗಿತ್ತು ಕಣೇ. ಬಾಯಿಗಿಡೋ ಹಂಗಿರಲಿಲ್ಲ. ಹುಳಿ ಅಂದ್ರೆ ಹುಳಿ. ಅಪ್ಪ ಒಬ್ನೇ ತಿಂತಿದ್ದ. ನಂಗೆ ಸೇಬು ಬೇಕಿರಲಿಲ್ಲ. ನಂಗೆ ಅವನೇ ಬೇಕಿತ್ತು." ಇಷ್ಟು ವರ್ಷ ಇದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ಅವಳಿಗೂ ಅಳು ತಡೆಯಲಿಲ್ಲ. ಇಬ್ಬರೂ ಮೂಗು ಸೀಟಿಕೊಂಡು ಮುಗಿಸಿದ ಮೇಲೆ ಬಟ್ಟೆಗಳು ಬೆನ್ನಚೀಲದಿಂದ ಹೊರಬಂದವು.

ಇಪ್ಪತ್ತನಾಲ್ಕು ಸಸಿಗಳನ್ನು ಸುಮ್ಮನೆ ಒಣಗಿಸುವುದೇ? ಪಕ್ಕದ ಊರಿನ ತೋಟದವರು ಕೇಳಿದ ಕೂಡಲೇ ಒಂದು ಕಟ್ಟು ಕಡ್ಡಿ ಕೊಟ್ಟರು. ಸಿಹಿ ಸೇಬು, ಸಂತೆಯಲ್ಲಿ ಎಲ್ಲರೂ ಕೇಳುವ ಜಾತಿ. ಕಡ್ಡಿಯನ್ನೂ ಬೇರುಸಸಿಯನ್ನೂ ಒಂದೇ ಓರೆಯಲ್ಲಿ ಕೊಯ್ದು, ತೊಗಟೆಗೆ ತೊಗಟೆ ತಾಗುವ ಹಾಗೆ ಕೂರಿಸಿ, ಬಿಗಿಯಾಗಿ ದಾರ ಸುತ್ತುವುದನ್ನು ಬ್ಲೂಮಾ ಎಂಟು ಜನಕ್ಕೂ ಕಲಿಸಿದಳು. ನಫ್ತಾಲಿ ಕಡ್ಡಿ ತಲೆಕೆಳಗಾಗಿ ಕಟ್ಟಿ, "ಇದರಲ್ಲಿ ಆಲೂಗಡ್ಡೆ ಬಿಡುತ್ತೆ," ಎಂದು ಬೈಸಿಕೊಂಡ. ಶಾಯಾನ ಚಾಕು ಮಾತ್ರ ಬ್ಲೂಮಾ ತಿರ್ಜಾಳ ಕೈಗೇ ಕೊಟ್ಟಳು. ಅವಳು ಕಟ್ಟಿದ ಒಂಬತ್ತರಲ್ಲಿ ಎಂಟು ಹತ್ತಿದವು. ಹತ್ತಿದ ಗಿಡಗಳನ್ನು ನೋಡಿದಾಗಲೆಲ್ಲ ಬ್ಲೂಮಾಗೆ ಖುಷಿಯೂ ಆಗುತ್ತಿತ್ತು, ಇವು ಅಪ್ಪನದಲ್ಲ ಎಂದು ಎದೆ ಚುರ್ರೆನ್ನುತ್ತಲೂ ಇತ್ತು. ಎರಡನ್ನೂ ಸಹಿಸಿಕೊಂಡಳು.

ಜೂನ್ ತಿಂಗಳು, ಪೇಸಾಖ್ ಆಗಿ ಏಳು ವಾರಕ್ಕೆ ಬರುವ ಶಾವುವೋತ್ ಹಬ್ಬದ ಹಿಂದಿನ ದಿನ. ಬ್ಲೂಮಾ ಅಂಗಳದಲ್ಲಿ ಮೂಲಂಗಿ ತೊಳೆಯುತ್ತಿದ್ದಾಗ ನಫ್ತಾಲಿ ಕೂಗುತ್ತಾ ಓಡಿಬಂದ. "ಬುಬೆ! ಚಿಗುರಿದೆ! ನಿಮ್ಮಪ್ಪನ ಮರ ಚಿಗುರಿದೆ!" ಅವನ ಹಿಂದೆ ಇನ್ನೂ ನಾಲ್ಕು ಜನ. ಕೈ ಹಿಡಿದು ಎಳೆದುಕೊಂಡೇ ಹೋದರು.

ನಿಜ. ನೆಲಮಟ್ಟದ ಆ ಬುಡದ ಅಂಚಿನಿಂದ ಗೇಣುದ್ದದ ಐದಾರು ಚಿಗುರು ಎದ್ದಿದ್ದವು. ಹುಡುಗರು ಕೈ ಕೈ ಹಿಡಿದು ಅದರ ಸುತ್ತ ಕುಣಿದೇ ಬಿಟ್ಟರು. ಬ್ಲೂಮಾ ಒಂದೇ ನೋಟದಲ್ಲಿ ತಿಳಿದುಕೊಂಡಳು. ಅಪ್ಪ ಕಸಿ ಕಟ್ಟಿದ ಗಂಟು ನೆಲದಿಂದ ಒಂದು ಮೊಳ ಮೇಲಿತ್ತು. ಅದು ಸೌದೆಯಾಗಿ ಹೋಗಿತ್ತು. ಇದು ಅದರ ಕೆಳಗಿನ ಕಾಡು ಬೇರಿನದು. ಅಪ್ಪನ ಸೇಬು ಅಲ್ಲವೇ ಅಲ್ಲ. ಹೇಳಲೋ ಬೇಡವೋ? ಅಷ್ಟು ಸಂತೋಷದ ಮುಖಗಳು. ತಿರ್ಜಾ ಕುಣಿಯದೆ ದೂರದಲ್ಲಿ ನಿಂತಿದ್ದಳು. ಆ ಹುಡುಗಿಯ ಎದೆಯ ಭಾರ ಒಂದು ಸುಳ್ಳಿನಿಂದ ಇಳಿಯುವುದಾದರೆ ಇಳಿಯಲಿ ಎಂದುಕೊಂಡು ಬ್ಲೂಮಾ ಗಂಟಲು ಸರಿಮಾಡಿಕೊಂಡಳು.

"ನೋಡಿದ್ಯಾ ತಿರ್ಜಾ? ವಾಪಸ್ ಬಂತು ನಮ್ಮಪ್ಪನ ಮರ."

ತಿರ್ಜಾ ಬಂದು ಬುಡದ ಪಕ್ಕ ಮೊಣಕಾಲೂರಿದಳು. ಬೆರಳಿನಿಂದ ಚಿಗುರಿನ ಬುಡ ಸವರಿದಳು. "ಬುಬೆ, ಕಸಿಗಂಟು ಇದಕ್ಕಿಂತ ಮೇಲಿತ್ತಲ್ವಾ? ಇದು ಬೇರಿಂದು. ಕಾಡಿಂದು." ಆಮೇಲೆ ತಲೆ ಎತ್ತಿ ನೋಡಿದಳು. "ನೀವೇ ಕಲಿಸಿದ್ದು. ಸುಳ್ಳು ಹೇಳ್ಬೇಡಿ ನಂಗೆ."

ಕುಣಿತ ನಿಂತಿತು. ನಫ್ತಾಲಿ ಮೆಲ್ಲಗೆ, "ಹಾಗಾದ್ರೆ ಇದರ ಹಣ್ಣು ಹೇಗಿರುತ್ತೆ?" ಎಂದ.

"ಯಾರಿಗೆ ಗೊತ್ತೋ," ಎಂದಳು ಬ್ಲೂಮಾ. ಆ ಮಾತು ಆಡಿದ ಮೇಲೇ ಅದು ಅವಳಿಗೇ ತಟ್ಟಿತು. "ಯಾರಿಗೂ ಗೊತ್ತಿಲ್ಲ. ಎಪ್ಪತ್ತೆರಡು ವರ್ಷ ಅಪ್ಪನ ಸೇಬನ್ನ ಹೊತ್ಕೊಂಡು ನಿಂತಿದ್ದು ಈ ಬೇರು. ನೀರು ಎಳೀತು, ಚಳಿ ತಿಂತು, ಎಲ್ಲಾ ಅವನದಕ್ಕೇ ಕೊಡ್ತು. ತನ್ನದು ಅಂತ ಒಂದು ಹಣ್ಣೂ ಬಿಡಲಿಲ್ಲ, ಪಾಪ." ಅವಳ ದನಿ ಒಡೆಯಿತು. ಅಪ್ಪನಿಗಾಗಿ ಅವಳು ಬಹಳ ಅತ್ತಿದ್ದಳು. ಈ ಅಳು ಬೇರೆ, ಇದು ಆ ಬೇರಿಗೆ, ಅದರಂತೆಯೇ ಇಲ್ಲೇ ನಿಂತುಬಿಟ್ಟ ತನಗೆ.

ಹನಾನ್ ಟೋಪಿ ತೆಗೆದು ಬೆವರೊರೆಸಿಕೊಂಡ. "ಕಾಡು ಚಿಗುರಲ್ವಾ, ಸವರಿಬಿಡ್ಲಾ? ಇಲ್ಲ ಸಿಹಿ ಜಾತಿ ಕಟ್ಟೋಣ್ವಾ ಅದರ ಮೇಲೆ?"

"ಕೈ ಇಟ್ಟು ನೋಡು, ಮುರೀತೀನಿ," ಎಂದಳು ಬ್ಲೂಮಾ. "ಇನ್ನೊಬ್ಬರದ್ದು ಹೊತ್ತಿದ್ದು ಸಾಕು ಅದು. ತನ್ನ ಹಣ್ಣು ಬಿಡ್ಲಿ."

ತಿರ್ಜಾ ಬೆರಳು ಮಡಿಸಿದಳು. "ನೆಲಮಟ್ಟಕ್ಕೆ ಕಡಿದ ಮರ ಅಂದ್ರೆ ನಮ್ಮ ಶಾಸ್ತ್ರದಲ್ಲಿ ಹೊಸ ಮರದ ಲೆಕ್ಕ ಅಲ್ವಾ ಬುಬೆ? ಮೊದಲ ಮೂರು ವರ್ಷ ಬಿಟ್ಟಿದ್ದನ್ನ ಮುಟ್ಟೋ ಹಂಗಿಲ್ಲ. ನಾಲ್ಕನೇ ವರ್ಷ ತಿನ್ನಬೇಕು."

"ನಾಲ್ಕು ವರ್ಷ. ಆಗ ನಂಗೆ ಎಂಬತ್ತೆರಡು." ಬ್ಲೂಮಾ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, ನಾಲಿಗೆಯಿಂದ ಒಂದು ಹಲ್ಲನ್ನು ಅಲ್ಲಾಡಿಸಿ ನೋಡಿದಳು. "ಹುಳಿಯಾಗಿದ್ರೂ ತಿಂತೀನಿ. ಕಲ್ಲಾಗಿದ್ರೂ ತಿಂತೀನಿ. ಏನು ಎಲ್ಲರೂ ಬಾಯಿ ಬಿಟ್ಕೊಂಡು ನಿಂತಿದ್ದೀರಾ? ಹೋಗ್ರೋ, ತಂತಿ ತಗೊಂಡ್ಬನ್ನಿ, ನಾಲ್ಕು ಗೂಟ ತಗೊಂಡ್ಬನ್ನಿ. ಕತ್ತಲಾಗೋದ್ರೊಳಗೆ ಇದಕ್ಕೆ ಬೇಲಿ ಆಗ್ಬೇಕು."